ಚಂದ್ರ ತಿರುಗುತ್ತಾನೆ, ಪ್ರದಕ್ಷಿಣೆ ಹಾಕುವವರ ಹಾಗೆ

"ಚಂದ್ರ ಯಾವಾಗಲೂ ಒಂದೇ ಮುಖ ತೋರಿಸುತ್ತಾನೆ, ಅಂದರೆ ತನ್ನ ಸುತ್ತ ತಿರುಗುವುದೇ ಇಲ್ಲ ಅಲ್ವಾ? ಅವನ ಆಕಾರಕ್ಕೂ ಇದಕ್ಕೂ ಸಂಬಂಧ ಇದೆಯಾ?" ಅಂತ ಕೇಳಿದ್ದೀರಿ.

ತಿರುಗುತ್ತಾನೆ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವುದನ್ನು ನೆನೆಸಿಕೊಳ್ಳಿ. ಗರ್ಭಗುಡಿ ಸದಾ ನಿಮ್ಮ ಬಲಗಡೆಗೇ ಇರುತ್ತದೆ. ಆದರೂ ಒಂದು ಸುತ್ತು ಮುಗಿಯುವಷ್ಟರಲ್ಲಿ ನೀವು ನಾಲ್ಕೂ ದಿಕ್ಕಿಗೆ ಮುಖ ಮಾಡಿ ಆಗಿರುತ್ತದೆ. ಚಂದ್ರನದೂ ಅದೇ ಕತೆ. ಭೂಮಿಗೆ ಸುತ್ತು ಹಾಕಲು 27.3 ದಿನ, ತನ್ನ ಸುತ್ತ ತಿರುಗಲೂ 27.3 ದಿನ. (ಉತ್ತರ ಧ್ರುವದ ಮೇಲಿಂದ ನೋಡಿದರೆ ಅವನು ಹೋಗುವುದು ಅಪ್ರದಕ್ಷಿಣೆಯಾಗಿ. ಅದನ್ನು ಮನೆಯಲ್ಲಿ ಅಜ್ಜಿಗೆ ಹೇಳಬೇಡಿ.)

ಇದು ಸುಮ್ನೆ ಹೊಂದಿಕೊಂಡ ಲೆಕ್ಕ ಅಲ್ಲ. ನಾನು ಕುಮಟಾದವನು. ಅಘನಾಶಿನಿ ಹೊಳೆಯಲ್ಲಿ ಇಳಿತ ನೋಡಿ ಬಳಚು (ಚಿಪ್ಪಿನ ಜೀವಿ) ಹೆಕ್ಕಲು ಇಳಿಯುವವರಿಗೆ ಚಂದ್ರನ ಎಳೆತ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಅವನು ನಮ್ಮ ನೀರನ್ನು ಎಳೆದರೆ, ಅವನಿಗಿಂತ 81 ಪಟ್ಟು ಭಾರದ ಭೂಮಿ ಅವನ ಬಂಡೆಯನ್ನೇ ಎಳೆದು ಉಬ್ಬಿಸುತ್ತದೆ. ಹಿಂದೆ ಚಂದ್ರ ಜೋರಾಗಿ ತಿರುಗುತ್ತಿದ್ದಾಗ ಆ ಉಬ್ಬು ಭೂಮಿಯ ನೇರಕ್ಕೆ ನಿಲ್ಲದೆ ಸ್ವಲ್ಪ ಮುಂದೆ ಜಾರುತ್ತಿತ್ತು. ಭೂಮಿ ಅದನ್ನು ಹಿಂದಕ್ಕೆ ಜಗ್ಗುತ್ತಿತ್ತು, ಬ್ರೇಕ್ ಒತ್ತಿದ ಹಾಗೆ. ವೇಗ ಇಳಿದು ಇಳಿದು ಎರಡೂ ಲೆಕ್ಕ ಸರಿಯಾದಾಗ ಜಗ್ಗಾಟ ಮುಗಿಯಿತು. ಆಮೇಲೆ ಅವನನ್ನು ಹಿಡಿದಿಟ್ಟಿದ್ದು ಆಕಾರ. ಚಂದ್ರ ಪೂರಾ ದುಂಡಗಿಲ್ಲ, ಭೂಮಿಯ ಕಡೆಗೆ ಚೂರು ಉದ್ದ. ಹೊಳೆಯಲ್ಲಿ ಹಗ್ಗ ಕಟ್ಟಿದ ದೋಣಿಯ ಮೂತಿ ಸೆಳೆತಕ್ಕೆ ನೇರವಾಗಿ ನಿಲ್ಲುವ ಹಾಗೆ ಆ ಉದ್ದದ ತುದಿ ನಮ್ಮ ಕಡೆಗೇ ನಿಂತಿದೆ.

ನನಗೆ ಇದಕ್ಕಿಂತ ಮಜಾ ಅನಿಸುವುದು ಶನಿಯ ಉಪಗ್ರಹ ಇಯಾಪಿಟಸ್. ಒಮ್ಮೆ ತಿರುಗಲು 79 ದಿನ ತೆಗೆದುಕೊಳ್ಳುವ ಸೋಮಾರಿ. ಇಷ್ಟು ನಿಧಾನದ್ದು ಹೆಚ್ಚುಕಮ್ಮಿ ದುಂಡಗಿರಬೇಕಿತ್ತು. ಆದರೆ ಅದಕ್ಕೆ ಹೊಟ್ಟೆ ಬಂದಿದೆ! ನಡುವಿನ ಅಡ್ಡಳತೆ ಧ್ರುವದ ಅಡ್ಡಳತೆಗಿಂತ ಸುಮಾರು 70 ಕಿ.ಮೀ. ಜಾಸ್ತಿ. ಅಂಥ ಹೊಟ್ಟೆ ಬರಬೇಕಾದರೆ ಸುಮಾರು 16 ಗಂಟೆಗೊಮ್ಮೆ ಗಿರಗಿರ ತಿರುಗಬೇಕು. ಎಳೆ ಪ್ರಾಯದಲ್ಲಿ ಹಾಗೆ ತಿರುಗುತ್ತಿದ್ದಾಗ ಬಂದ ಆಕಾರ, ಮೇಲ್ಪದರ ಗಟ್ಟಿಯಾದ ಮೇಲೆ ಹಾಗೇ ಉಳಿದುಬಿಟ್ಟಿದೆ.

ಎಲ್ಲ ಉಪಗ್ರಹಗಳೂ ಚಂದ್ರನ ಹಾಗೆ ಒಂದೇ ಮುಖ ತೋರಿಸುವ ಕಟ್ಟಿಗೆ ಬೀಳುವುದಿಲ್ಲ. ಶನಿಯದೇ ಹೈಪೀರಿಯನ್ ಒಂದು ಸೊಟ್ಟ ಬಟಾಟೆ. ಉದ್ದ ಸುಮಾರು 360 ಕಿ.ಮೀ., ಸಪೂರ ಕಡೆ 205. ಸುತ್ತುವ ದಾರಿಯೂ ಸರಿಯಾದ ವೃತ್ತ ಅಲ್ಲ. ಹಾಗಾಗಿ ಶನಿ ಅದನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ಜಗ್ಗುತ್ತದೆ. ಅಲ್ಲಿ 'ಒಂದು ದಿನ' ಅನ್ನುವುದಕ್ಕೆ ಲೆಕ್ಕವೇ ಇಲ್ಲ. ಮುಂದಿನ ವರ್ಷ ಅದರ ಯಾವ ಮುಖ ಯಾವ ಕಡೆಗಿರುತ್ತದೆ ಅಂತ ಹೇಳಲು ಯಾವ ಪಂಚಾಂಗಕ್ಕೂ ಆಗದು.