ಪಂಚವೀಸ್ ಎಂದರೆ 52

ಪ್ರಶ್ನೆ: ಮಗಳು ಪುಣೆಯಲ್ಲಿ ಮರಾಠಿ ಮಾಧ್ಯಮದ ಎರಡನೇ ಇಯತ್ತೆ (ತರಗತಿ). ಅವರ ಬಾಯಿ (ಟೀಚರ್) ‘ಪಂಚವೀಸ್’, ಅಂದರೆ ಇಪ್ಪತ್ತೈದು, ಎಂದರೆ ಇವಳು 52 ಬರೆಯುತ್ತಾಳೆ. ಅಜ್ಜಿ ಕನ್ನಡದಲ್ಲಿ ಎಣಿಸಲು ಕಲಿಸುವುದರಿಂದಲೇ ಹೀಗಂತೆ, ನಿಲ್ಲಿಸಿ ಅಂತ ಬಾಯಿ ಅಂದಿದ್ದಾರೆ. ನಿಲ್ಲಿಸೋಣವೇ?
– ಒಬ್ಬ ತಾಯಿ, ಕೋಥ್ರೂಡ್

ಉತ್ತರ: ಅಜ್ಜಿಯನ್ನು ತಡೆಯಬೇಡಿ ತಾಯಿ. ಮೊದಲು ಮಗಳ ಮುಂದೆ ಶೇಂಗಾ ಸುರಿದು ‘ಇಪ್ಪತ್ತೈದು ಕೊಡು’ ಅನ್ನಿ. ಎಣಿಸಿಕೊಟ್ಟಳೋ, ಲೆಕ್ಕ ಸರಿಯಾಗಿಯೇ ಇದೆ. ಅವಳು ಎಡವಿದ್ದು ಮಾತಿನಲ್ಲಿ.

ನಮ್ಮಲ್ಲಿ ಇಪ್ಪತ್ತು ಮೊದಲು, ಐದು ಆಮೇಲೆ. ಬರೆಯುವುದೂ ಹಾಗೇ. ಮರಾಠಿಯಲ್ಲಿ ಪಂಚ ಮೊದಲು, ವೀಸ್ ಆಮೇಲೆ. ಕಿವಿಗೆ ಬಿದ್ದ ಹಾಗೆ ಬರೆದರೆ 52 ಆಗದೆ ಇನ್ನೇನಾದೀತು? 29 ಅಂತೂ ಏಕೋಣತೀಸ್, ಮೂವತ್ತಕ್ಕೆ ಒಂದು ಕಮ್ಮಿ. ಏಳು ವರ್ಷದ ಕೂಸು ಹೆಸರು ಹೇಳಲಿಕ್ಕೇ ಕಳೆಯುವ ಲೆಕ್ಕ ಮಾಡಬೇಕು! ಮರಾಠಿ ಮನೆಯ ಮಕ್ಕಳಿಗೂ ಈ ತೊಡಕು ತಪ್ಪಿದ್ದಲ್ಲ. ಪಠ್ಯಪುಸ್ತಕ ಹೊರತರುವ ನಿಮ್ಮೂರಿನ ಬಾಲಭಾರತಿಯೇ 2019ರ ಎರಡನೇ ಇಯತ್ತೆಯ ಗಣಿತ ಪುಸ್ತಕದಲ್ಲಿ ‘ವೀಸ್ ಪಾಚ್’ ಎಂದು ಓದುವ ದಾರಿಯನ್ನೂ ಕೊಟ್ಟಿತ್ತು. ಮರಾಠಿ ಕೆಟ್ಟಿತೆಂದು ಗದ್ದಲವೋ ಗದ್ದಲ. ಪುಸ್ತಕದ ಸಮಿತಿಯಲ್ಲಿದ್ದ ಗಣಿತಜ್ಞೆ ಮಂಗಳಾ ನಾರ್ಲೀಕರ್ ಅದನ್ನು ಸಮರ್ಥಿಸಿದರು. ನನ್ನ ಓಟೂ ಅವರಿಗೇ.

ಹಾಗಂತ ಕನ್ನಡವೇನು ಸಾಚಾ ಅಲ್ಲ. ಮುಂಬಯಿಯಲ್ಲಿ ನಾನು ಕಲಿಸುತ್ತಿದ್ದಾಗ ಒಬ್ಬ ಹುಡುಗ ‘ನೂರಾ ಒಂದು’ ಅಂದರೆ 1001 ಬರೆಯುತ್ತಿದ್ದ. ಕೇಳಿಸಿದ್ದು ನೂರು, ಮತ್ತೆ ಒಂದು. ಎರಡನ್ನೂ ಪಕ್ಕಪಕ್ಕ ಕೂರಿಸಿದ. ಪೋರ್ಶನ್ ಮುಗಿಸುವ ಅವಸರದಲ್ಲಿ ನಾನು ಹತ್ತು ಸಲ ಬರೆಸಿದೆ. ಹತ್ತು ಸಲವೂ 1001! ಕೊನೆಗೆ ಬೆಂಕಿಕಡ್ಡಿ ತಂದು, ಹತ್ತಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿ, ಹತ್ತು ಕಟ್ಟು ಸೇರಿಸಿ ಒಂದು ದೊಡ್ಡ ಮೂಟೆ ಮಾಡಿಸಿದೆ. ಮೂಟೆ ಒಂದು, ಬಿಡಿ ಕಡ್ಡಿ ಒಂದು. ‘ನಡುವಿನ ಮನೆ ಖಾಲಿ ಟೀಚರ್’ ಅಂದ. ಸೊನ್ನೆ ಅಲ್ಲಿ ಬಂದು ಕೂತಿತು. ಕಡ್ಡಿ ಮೊದಲು ಬರಬೇಕಿತ್ತು, ನಾನು ಪಾಟಿ (ಸ್ಲೇಟು) ಮೊದಲು ಕೊಟ್ಟಿದ್ದೆ.

2020ರ ಶಿಕ್ಷಣ ನೀತಿಯ 5+3+3+4 ವರ್ಷಗಳ ಹಂತಗಳಲ್ಲಿ ಮೂರರಿಂದ ಎಂಟು ವರ್ಷದವರೆಗೆ ಒಂದೇ ಹಂತ. ನಿಮ್ಮ ಮಗಳ ಎರಡನೇ ಇಯತ್ತೆ ಇರುವುದು ಬಾಲವಾಡಿಯ ಜೊತೆಗೆ, ಮೂರನೆಯದರ ಜೊತೆಗಲ್ಲ. ಕಡ್ಡಿ, ಬೀಜ ಕೈಯಲ್ಲಿರಬೇಕಾದ ವಯಸ್ಸೇ ಇದು. ಬಾಯಿಗೆ ಇದನ್ನು ಮೆತ್ತಗೆ ಹೇಳಿ. ಅವರಿಗೂ ಪೋರ್ಶನ್ನಿನ ಕಾಟ ಇದ್ದದ್ದೇ.

ಸಂಜೆ ಅಜ್ಜಿ ‘ಇಪ್ಪತ್ತೈದು’ ಅನ್ನಲಿ, ನೀವು ‘ಪಂಚವೀಸ್’ ಅನ್ನಿ, ಅವಳು ಎರಡು ಕಟ್ಟು, ಐದು ಕಡ್ಡಿ ಎತ್ತಲಿ. ಬರೆಯುವಾಗ 5 ಮೊದಲು ಬರೆದು, ಆಮೇಲೆ ಅದರ ಎಡಕ್ಕೆ 2 ತುರುಕಿದರೂ ಗದರಬೇಡಿ.