ಕೃತಕ ನೊಣಕ್ಕೆ ರಬ್ಬರ್ ಕಾಲು

ಪ್ರಶ್ನೆ: ಮೀನು ಹಿಡಿಯಲು ಗಾಳದ ಮೇಲೆ ದಾರ ಸುತ್ತಿ ಕೃತಕ ನೊಣ (ಹುಳುವಿನಂತೆ ಕಾಣುವ ಆಮಿಷ) ಕಟ್ಟುವಾಗ ರಬ್ಬರ್ ಕಾಲುಗಳು ಬದಿಯಲ್ಲಿ ನಿಲ್ಲದೆ ದಾರದೊಂದಿಗೆ ತಿರುಗಿಬಿಡುತ್ತವೆ. ಏನು ಮಾಡಬೇಕು?

ಉತ್ತರ: ಮೊದಲ ಸುತ್ತಿನಲ್ಲೇ ದಾರವನ್ನು ಬಿಗಿಯಾಗಿ ಎಳೆಯುವುದು ಇದಕ್ಕೆ ಸಾಮಾನ್ಯ ಕಾರಣ. ಗಾಳದ ಬರಿಯ ಕಂಬಿ ನುಣುಪಾಗಿರುವುದರಿಂದ ಮೊದಲು ಅದರ ಮೇಲೆ ದಾರದ ಒಂದು ಪದರ ಹಾಸಿಕೊಳ್ಳಿ. ಬಳಿಕ ರಬ್ಬರ್ ಎಳೆಯನ್ನು ನಡುಮಧ್ಯಕ್ಕೆ ದಾರದ ಮೇಲೆ ಮಡಚಿ, ದಾರವನ್ನು ಮೇಲಕ್ಕೆ ಒಯ್ಯುತ್ತಾ ಆ ಮಡಿಕೆಯನ್ನು ಕಂಬಿಯ ಈಚೆ (ನಿಮ್ಮ ಕಡೆಯ) ಬದಿಗೆ ಜಾರಿಸಿ, ಎರಡು ಸಡಿಲ ಸುತ್ತು ಹಾಕಿ, ಕಾಲು ಸರಿಯಾದ ಜಾಗದಲ್ಲಿದೆಯೆಂದು ಖಚಿತವಾದ ಮೇಲಷ್ಟೇ ಬಿಗಿಗೊಳಿಸಿ. ದಾರವು ಈಚೆ ಬದಿಯಲ್ಲಿ ಎಳೆಯನ್ನು ಮೇಲಕ್ಕೂ ಆಚೆ ಬದಿಯಲ್ಲಿ ಕೆಳಕ್ಕೂ ಒಯ್ಯುತ್ತದೆ. ಆದ್ದರಿಂದ ಈಚೆಯದನ್ನು ತುಸು ಕೆಳಗೆ, ಆಚೆಯದನ್ನು ತುಸು ಮೇಲೆ ಹಿಡಿದು ಆರಂಭಿಸಿದರೆ ಎರಡೂ ಸಮಮಟ್ಟಕ್ಕೆ ಬಂದು ನಿಲ್ಲುತ್ತವೆ. ಇದೊಂದನ್ನು ಕೈಗೆ ರೂಢಿಸಿಕೊಳ್ಳುವುದೇ ಮುಖ್ಯವೆಂದು ನನ್ನ ಅಭಿಪ್ರಾಯ.

ಬಿಗಿ ಹೆಚ್ಚಿದಷ್ಟೂ ಕಾಲುಗಳು ಹೊರಕ್ಕೆ ಅಗಲುತ್ತವೆ, ಆದರೆ ತೀರಾ ತೆಳುವಾದ ದಾರ ರಬ್ಬರನ್ನೇ ಕತ್ತರಿಸೀತು. ಕಾಲುಗಳನ್ನು ಮೊದಲು ಉದ್ದವಾಗಿಯೇ ಬಿಟ್ಟು, ಕಡೆಯಲ್ಲಿ ಎಳೆದು ಹಿಗ್ಗಿಸದೆ ಕತ್ತರಿಸಿ; ಹಿಗ್ಗಿಸಿ ಕತ್ತರಿಸಿದ ಕಾಲು ಕೈಬಿಟ್ಟೊಡನೆ ಎಣಿಸಿದ್ದಕ್ಕಿಂತ ಗಿಡ್ಡವಾಗುತ್ತದೆ.