ಡೀಸೆಲ್ ಟ್ಯಾಂಕ್ ಸೋರುತ್ತಿದೆ ಅನ್ನೋ ಅನುಮಾನ. ಖಚಿತವಾಗುವವರೆಗೆ ಕಾಯಬಹುದಾ?

ಕಾಯಬೇಡಿ. ಬೇಸಿಗೆಯಲ್ಲಿ ದಿನಾ ಡಿಪ್ (ಟ್ಯಾಂಕಿಗೆ ರಾಡ್ ಇಳಿಸಿ ನೋಡುವ ಅಳತೆ) ಲೆಕ್ಕಕ್ಕಿಂತ ಕಡಿಮೆ ಬರುತ್ತಿತ್ತು, ಪಂಪಿನ ಹುಡುಗರ ಮೇಲೆ ಸಂಶಯ ಇತ್ತು, ಮಳೆ ಶುರುವಾದ ಮೇಲೆ ಲೆಕ್ಕ ಸರಿಹೋಯಿತು ಅಂತ ಬರೆದಿದ್ದೀರಿ. ಆ ಕೊನೆಯ ಮಾತು ಓದಿ ನನ್ನ ಎದೆ ಧಸಕ್ಕೆಂದಿತು.

ನಾನು ಕೇರಳದ ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಪಂಪಿನಲ್ಲಿ ಮ್ಯಾನೇಜರ್ ಆಗಿದ್ದೆ. ಎಪ್ರಿಲ್‌ನಿಂದಲೇ ಡೀಸೆಲ್ ಶಾರ್ಟೇಜ್. ಮೊದಲು ಬಿಸಿಲಿಗೆ ಆವಿಯಾಗಿದೆ ಅಂದುಕೊಂಡೆ. (ಡೀಸೆಲ್ ಅಷ್ಟು ಸುಲಭಕ್ಕೆ ಆವಿಯಾಗುವುದಿಲ್ಲ, ಅದು ಪೆಟ್ರೋಲಿನ ಬುದ್ಧಿ.) ಆಮೇಲೆ ರಾತ್ರಿ ಪಾಳಿಯ ಹುಡುಗನನ್ನು ಸಂಶಯಪಟ್ಟು ಕೆಲಸದಿಂದ ಬಿಡಿಸಿದೆ. ಕಂಪನಿಗೆ ಹೇಳಿದರೆ ಟ್ಯಾಂಕ್ ಬಂದ್ ಮಾಡಿಸುತ್ತಾರೆ ಅಂತ ಧಣಿಗಳಿಗೆ ಹೆದರಿಕೆ. ಮೊದಲೇ ಅರ್ಧ ಗಿರಾಕಿಗಳು ತಲಪಾಡಿ ಗಡಿ ದಾಟಿ ಕರ್ನಾಟಕದ ಕಡಿಮೆ ರೇಟಿಗೆ ಹಾಕಿಸಿಕೊಳ್ಳುತ್ತಾರೆ, ಅಲ್ವಾ?

ಜೂನ್‌ನಲ್ಲಿ ಮಳೆ ಹಿಡಿಯಿತು. ಶಾರ್ಟೇಜ್ ನಿಂತಿತು. ಎರಡು ದಿನ ಹತ್ತಿಪ್ಪತ್ತು ಲೀಟರ್ ಜಾಸ್ತಿಯೇ ಬಂತು. ಕಳ್ಳ ಹೋದ, ಲೆಕ್ಕ ಸರಿಯಾಯಿತು ಅಂತ ಖುಷಿಪಟ್ಟೆ.

ನನ್ನ ತಪ್ಪು ಏನೆಂದರೆ, ಡಿಪ್ ರಾಡ್ ಹೇಳುವುದು ಎತ್ತರ ಮಾತ್ರ. ಒಳಗಿರುವುದು ಡೀಸೆಲೋ ನೀರೋ ಅದಕ್ಕೆ ಗೊತ್ತಿಲ್ಲ. ಟ್ಯಾಂಕಿನ ತಳದ ಹತ್ತಿರ ತೂತು. ಬೇಸಿಗೆಯಲ್ಲಿ ಅದರಿಂದ ಡೀಸೆಲ್ ಹೊರಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಟ್ಯಾಂಕ್ ಹೂತ ಗುಂಡಿಗೆ ತುಂಬಿಸಿದ ಮರಳಿನಲ್ಲಿ ನೀರು ನಿಂತು, ಅದೇ ತೂತಿನಿಂದ ಒಳಗೆ ಬಂತು. ಡೀಸೆಲ್ ಹಗುರ, ಮೇಲೆ ತೇಲುತ್ತದೆ. ರಾಡಿನ ಒದ್ದೆ ಗುರುತು ಮಾತ್ರ ಇದ್ದಲ್ಲೇ. ರಾಡಿನ ತುದಿಗೆ ವಾಟರ್ ಪೇಸ್ಟ್ ಹಚ್ಚಿ ಇಳಿಸಿದರೆ ನೀರಿರುವಷ್ಟು ಎತ್ತರಕ್ಕೆ ಬಣ್ಣ ಬದಲಾಗುತ್ತದೆ. ನಮ್ಮ ಪೇಸ್ಟಿನ ಡಬ್ಬ ಮೇ ತಿಂಗಳಲ್ಲೇ ಮುಗಿದಿತ್ತು. ನಾಳೆ ತರೋಣ ಅಂತ ಬಿಟ್ಟೆ. ರಿಜಿಸ್ಟರಿನಲ್ಲಿ ನೀರಿನ ಕಾಲಮ್ಮಿಗೆ ದಿನಾ ಬೆಳಿಗ್ಗೆ ಪರೀಕ್ಷೆ ಮಾಡದೆಯೇ ‘ನಿಲ್’ ಅಂತ ಬರೆದೆ. ನನ್ನದೇ ಕೈಬರಹ.

ಗುಡ್ಡದ ಕೆಳಗಿನ ಮನೆಯ ಅಮ್ಮ ಒಂದು ದಿನ ಕೊಡಪಾನ ಹೊತ್ತು ಬಂದು ಮೇಜಿನ ಮೇಲಿಟ್ಟರು. "ಇದನ್ನೊಮ್ಮೆ ಮೂಸಿ ನೋಡು ಮಗಾ." ಅವರ ಸುರಂಗದ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಿಲದ ನೀರು. ಮೇಲೆ ತೆಳ್ಳಗೆ ಕಾಮನಬಿಲ್ಲಿನ ಬಣ್ಣ. ನಮ್ಮ ಮುರಕಲ್ಲು ಮೈಯೆಲ್ಲ ತೂತು. ಬೇಸಿಗೆಯಲ್ಲಿ ನೆಲಕ್ಕಿಳಿದದ್ದನ್ನು ಮಳೆನೀರು ತೊಳೆದುಕೊಂಡು ಅವರ ಸುರಂಗಕ್ಕೆ ಒಯ್ದಿತ್ತು. ಆ ಮಳೆಗಾಲವಿಡೀ ಅವರ ಮನೆಗೆ ಟೆಂಪೋದಲ್ಲಿ ಕುಡಿಯುವ ನೀರು ಹೊತ್ತು ಹಾಕಿದ್ದು ನಾವೇ.

ಹಾಗಾಗಿ ‘ಖಚಿತವಾದ ಮೇಲೆ ತಿಳಿಸ್ತೇನೆ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಖಚಿತಪಡಿಸುವುದು ನಿಮ್ಮ ಕೆಲಸವೇ ಅಲ್ಲ, ಅದಕ್ಕೆ ಪ್ರೆಶರ್ ಟೆಸ್ಟ್ ಮಾಡುವವರಿದ್ದಾರೆ. ಇವತ್ತೇ ಪೇಸ್ಟ್ ಹಚ್ಚಿ ನೋಡಿ. ಬಣ್ಣ ಬರಲಿ, ಬಾರದಿರಲಿ, ಆ ಟ್ಯಾಂಕಿನಿಂದ ಮಾರುವುದನ್ನು ನಿಲ್ಲಿಸಿ. ಕಂಪನಿಯ ಸೇಲ್ಸ್ ಆಫೀಸರಿಗೆ ಬರೆದೇ ತಿಳಿಸಿ, ಫೋನಿನ ಮಾತು ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಲೈಸೆನ್ಸ್ ಕೊಡುವ ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆ ಪೆಸೊಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ, ಪಂಚಾಯತಿಗೂ ಪ್ರತಿ ಹೋಗಲಿ. ಆದರೆ ಆಫೀಸುಗಳಿಗಿಂತ ಮೊದಲು ಕೆಳಗಿನ ಮನೆಗಳಿಗೆ ನಡೆದು ಹೋಗಿ. ಆ ನೀರು ಕುಡಿಯಬೇಡಿ ಅನ್ನಿ, ಕುದಿಸಿದರೂ ಬೇಡ. ಪೆಟ್ರೋಲ್ ವಾಸನೆಯಾದರೆ ಬಾವಿಯ ಮೋಟಾರು ಹಾಕಲೇಬಾರದು. ಅದರ ಆವಿ ಗಾಳಿಗಿಂತ ಭಾರ, ಬಾವಿಯೊಳಗೇ ಕೂತಿರುತ್ತದೆ, ಒಂದು ಕಿಡಿ ಸಾಕು. ಅಗ್ನಿಶಾಮಕದವರ 101ಕ್ಕೆ ಫೋನ್ ಮಾಡಿ. ನೀವೇ ಅಗೆದು ನೋಡುವ ಸಾಹಸವಂತೂ ಬೇಡ.

ನಾನು ಬಿಡಿಸಿದ ಆ ಹುಡುಗ ಈಗ ಉಪ್ಪಳದಲ್ಲಿ ಆಟೋ ಓಡಿಸುತ್ತಾನೆ. ಕ್ಷಮೆ ಕೇಳಿದ್ದೇನೆ, ನಕ್ಕು ಸುಮ್ಮನಾದ. ಡೀಸೆಲ್ ಹಾಕಿಸಲು ಮಾತ್ರ ಗಡಿ ದಾಟಿ ಹೋಗುತ್ತಾನೆ.